ಒಂದು ಬೆರಳಿನ ಬ್ಯಾಂಡು

“ಡಿಗ್ರಿ ಅನ್ನೋದು ನಮ್ಮ ಪೈಕಿಯವರ ಮೈಗೆ ಹತ್ತಲ್ಲ ಕಣೆ ಲತಾ” ಎಂದವರು ನನ್ನ ಸೋದರಮಾವ, ರಂಗಮಾವ. ಸಿಂಗಪುರದ ಲಿಟಲ್ ಇಂಡಿಯಾದಲ್ಲಿ ತಾವು ಕೆಲಸ ಮಾಡುವ ದಿನಸಿ ಅಂಗಡಿಯ ಹಿಂಭಾಗದಲ್ಲಿ, ತೊಗರಿಬೇಳೆ ಮೂಟೆಯ ಮೇಲೆ ಕುಳಿತು, ನುಗ್ಗೆಕಾಯಿಯ ಕಟ್ಟು ಬಿಚ್ಚುತ್ತಾ ಅಂದದ್ದು. ಕೋಪದಿಂದಲ್ಲ. ಕೆಲವರಿಗೆ ಬದನೆಕಾಯಿ ಆಗಿಬರುವುದಿಲ್ಲ ಎನ್ನುತ್ತೇವಲ್ಲ, ಆ ಧಾಟಿಯಲ್ಲಿ.

ಮಾವನ ಹತ್ತಿರ ಪುರಾವೆಯೂ ಇತ್ತು. ಅವರೇ ಪಿಯುಸಿಯಲ್ಲಿ ಉಳಿದವರು. ಅಮ್ಮ ಹತ್ತನೇ ಕ್ಲಾಸು. ಅಪ್ಪ ಏಳಕ್ಕೇ ಬಿಟ್ಟು ಬೆಂಗಳೂರಿನ ದರ್ಶಿನಿಯೊಂದರಲ್ಲಿ ದೋಸೆ ಕಲ್ಲಿನ ಮುಂದೆ ನಿಂತವರು, ಇಲ್ಲಿಗೆ ಬಂದ ಮೇಲೂ ಅದೇ ಕೆಲಸ. ಅಜ್ಜಿಯ ಕಡೆಯ ಯಾರೋ ಒಬ್ಬರು ಬಿ.ಎ. ಕೊನೆಯ ವರ್ಷದವರೆಗೂ ಹೋಗಿದ್ದರಂತೆ. ಪರೀಕ್ಷೆಯ ದಿನ ಬೆಳಿಗ್ಗೆ ಚಳಿಜ್ವರ ಬಂದು ಮಲಗಿದವರು ಆಮೇಲೆ ಕಾಲೇಜಿನ ಕಡೆ ತಲೆ ಹಾಕಲಿಲ್ಲವಂತೆ. “ನೋಡು, ಮೈಯೇ ಒಪ್ಪಲಿಲ್ಲ” ಎಂದು ಮಾವ ಈ ಕಥೆಯನ್ನು ಯಾವಾಗಲೂ ಮುಗಿಸುತ್ತಿದ್ದರು.

“ಅದಿರ್ಲಿ, ಸಬ್ಜೆಕ್ಟ್ ಯಾವ್ದು?”

“ಮ್ಯೂಸಿಕ್ ಟೆಕ್ನಾಲಜಿ ಮಾವ. ಪಾರ್ಟ್ ಟೈಮು. ಕೊನೇ ವರ್ಷದ ಪ್ರಾಜೆಕ್ಟ್ ಒಂದು ಇಂಗ್ಲೆಂಡ್ ಬ್ಯಾಂಡಿನ ಮೇಲೆ.”

ಮಾವ ನುಗ್ಗೆಕಾಯಿ ಕೆಳಗಿಟ್ಟರು. “ಹಾಡಿನ ಮೇಲೂ ಡಿಗ್ರಿ ಕೊಡ್ತಾರಾ? ಹಾಗಾದ್ರೆ ದೋಸೆ ಹುಯ್ಯೋವಾಗ ಗುನುಗ್ತಾನಲ್ಲ ನಿಮ್ಮಪ್ಪ ಶಿವಣ್ಣ, ಅವನಿಗೆ ಡಾಕ್ಟರೇಟೇ ಕೊಡ್ಬೇಕು.”

ಇದೆಲ್ಲ ಈಗ ನೆನಪಾದದ್ದಕ್ಕೆ ಕಾರಣ ನನ್ನ ಹಳೆಯ ಸಿಂಥಸೈಸರ್, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಬೋರ್ಡು. ಬೆಳಿಗ್ಗೆ ಧೂಳು ಒರೆಸಲು ಹೊದಿಕೆ ತೆಗೆದೆ. ಬಿಳಿ ಕೀಗಳ ಮೇಲ್ಗಡೆ, ಸ್ಲೈಡರುಗಳ ಸಾಲಿನ ಪಕ್ಕದಲ್ಲಿ, ಎಷ್ಟು ಒರೆಸಿದರೂ ಹೋಗದ ಒಂದು ಕೆಂಪು ಛಾಯೆ ಇದೆ. ಅದನ್ನು ನೋಡುತ್ತ ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದು ಕುಳಿತುಬಿಟ್ಟೆ. ಧೂಳು ಹಾಗೇ ಇದೆ. ಪ್ರಬಂಧ ಬರೆಯುವವರ ಮನೆ ಚೊಕ್ಕಟವಾಗಿರುವುದು ಕಷ್ಟ.

ಸಿಂಥಸೈಸರ್ ನನಗೆ ಸಿಕ್ಕಿದ್ದು ಹೌಗಾಂಗ್ ಬಡಾವಣೆಯ ನಮ್ಮ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಮನೆಗಳಿಲ್ಲದೆ ತೆರೆದು ಬಿಟ್ಟ ನೆಲಮಹಡಿಯಲ್ಲಿ. ನಮ್ಮಲ್ಲಿ ಒಂದು ರೂಢಿ. ಬೇಡವಾದರೂ ಬಿಸಾಡಲು ಮನಸ್ಸು ಬಾರದ ವಸ್ತುವನ್ನು ಕೆಳಗೆ ಲಿಫ್ಟಿನ ಪಕ್ಕ ಇಟ್ಟುಬಿಡುತ್ತಾರೆ. ಬೇಕಾದವರು ಕೊಂಡೊಯ್ಯುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ನಮ್ಮ ಮನೆಯ ಅರ್ಧ ಕುರ್ಚಿಗಳು ಹಾಗೇ ಲಿಫ್ಟು ಹತ್ತಿ ಬಂದವು. ಒಂದು ಶನಿವಾರ ನಾನು ಪಾಲಿಟೆಕ್ನಿಕ್‌ನಿಂದ ಬಂದರೆ ಅಲ್ಲೊಂದು ಉದ್ದನೆಯ ಕರಿ ಪೆಟ್ಟಿಗೆ, ಅದರ ಮೇಲೊಂದು ಬಿಸ್ಕತ್ತಿನ ಡಬ್ಬಿ ತುಂಬ ಕ್ಯಾಸೆಟ್ಟು. ಆಚೀಚೆ ನೋಡಿ ಎತ್ತಿಕೊಂಡೆ. ಕಲ್ಲುಬೆಂಚಿನ ಮೇಲೆ ಕುಳಿತಿದ್ದ ಲಿಮ್ ಅಂಕಲ್ ಜೋರಾಗಿ ನಕ್ಕರು. ಅವರು ನಮ್ಮದೇ ಮಹಡಿಯವರು, ಇಲ್ಲಿಯ ಚೀನೀಯರಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸುವವರು, ಹರೆಯದಲ್ಲಿ ಹೋಟೆಲಿನ ಲೌಂಜುಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ಆ ವಾರ ಪಾಸಿರ್ ರಿಸ್‌ನಲ್ಲಿ ಮಗಳ ಮನೆಯ ಹತ್ತಿರ ಸಣ್ಣ ಫ್ಲ್ಯಾಟಿಗೆ ಶಿಫ್ಟ್ ಆಗುತ್ತಿದ್ದರು.

“ನೀನು ತಗೋಬೇಕು ಅಂತಲೇ ಇಟ್ಟಿದ್ದು ಲಾ. ಬೆಳಿಗ್ಗೆಯಿಂದ ಕಾವಲು ಕೂತಿದ್ದೀನಿ. ಬೇರೆಯವರು ಬಂದ್ರು, ಓಡಿಸ್ದೆ.”

“ಮನೆಗೇ ಬಂದು ಕೊಡಬಹುದಿತ್ತಲ್ಲ ಅಂಕಲ್?”

“ಕೊಟ್ಟಿದ್ರೆ ನಿಮ್ಮಮ್ಮ ಬದಲಿಗೆ ಒಂದು ಪಾತ್ರೆ ತುಂಬ ಏನಾದ್ರೂ ಕೊಡ್ತಾಳೆ. ನನಗೆ ಶುಗರ್ ಇದೆ.”

ಆ ಡಬ್ಬಿಯಲ್ಲಿದ್ದದ್ದೇ ನಮ್ಮ ಬ್ಯಾಂಡು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಫೋನ್ ತೆಗೆದು ಹುಡುಕುತ್ತ ಕೂರುತ್ತೀರಿ, ನಾನು ಇಲ್ಲಿ ಒಬ್ಬಳೇ ಮಾತಾಡುತ್ತಿರಬೇಕಾಗುತ್ತದೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಮಗ್ಗಗಳ ಒಂದು ಊರು. ಅಲ್ಲಿಯ ಮೂವರು. ಒಬ್ಬ ಬ್ರೆಡ್ಡಿನ ವ್ಯಾನ್ ಓಡಿಸುತ್ತಿದ್ದವನು, ಇನ್ನೊಬ್ಬ ಟಿವಿ ರಿಪೇರಿಯವನು, ಮೂರನೆಯವಳು ಟೈಪಿಸ್ಟು. ಮೂವರಿಗೂ ಸಂಗೀತ ಬರುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡಿನ ಒಂದು ಸಿಂಥಸೈಸರ್ ಸೇರಿ ಕೊಂಡಿದ್ದರು. ಅದರಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಹೊರಡುತ್ತಿತ್ತು. ಹಾಗಾಗಿ ಒಂದೇ ಬೆರಳು ಸಾಕು. ಹತ್ತು ಬೆರಳಲ್ಲಿ ಮಿಂಚಿನಂತೆ ಟೈಪು ಮಾಡುತ್ತಿದ್ದ ಆ ಹುಡುಗಿ ಇಲ್ಲಿ ಒಂದು ಬೆರಳನ್ನು ಮುಂದೆ ಚಾಚಿ, ಯಾರದೋ ಮನೆಯ ಕಾಲಿಂಗ್ ಬೆಲ್ ಒತ್ತುವವಳಂತೆ, ಎಚ್ಚರದಿಂದ ನುಡಿಸುತ್ತಿದ್ದಳು. ಹಳೆಯ ವಿಡಿಯೋಗಳಲ್ಲಿ ಈಗಲೂ ನೋಡಬಹುದು. ಮುಖದಲ್ಲಿ ಒಂಚೂರೂ ನಗುವಿಲ್ಲ. ಅದನ್ನು ಆಗಿನವರು ಸ್ಟೈಲ್ ಎಂದುಕೊಂಡರು. ನನಗೇನೋ ಅದು ತಪ್ಪಾದೀತೆಂಬ ಭಯದಂತೆ ಕಂಡಿತು. ಆ ಮುಖ ನನಗೆ ಚೆನ್ನಾಗಿ ಪರಿಚಯವಿತ್ತು.

ಸಿಂಗಪುರದಲ್ಲಿ ಹನ್ನೆರಡನೇ ವಯಸ್ಸಿಗೆ ಒಂದು ಪರೀಕ್ಷೆ. ಅದರಲ್ಲಿ ಬಂದ ಅಂಕದ ಮೇಲೆ ಮಕ್ಕಳು ಬೇರೆ ಬೇರೆ ಹಳಿಗೆ ಬೀಳುತ್ತಾರೆ. ನಾನು ಬಿದ್ದದ್ದು ನಿಧಾನದ ಹಳಿಗೆ. ಅದರ ಮುಂದಿನ ಯುಗಾದಿ ಊಟಕ್ಕೆ ಕನ್ನಡದವರೆಲ್ಲ ಸೇರಿದಾಗ ಸೀರೆ ಉಟ್ಟ ಆಂಟಿಯರು ಒಬ್ಬಟ್ಟು ಮುರಿಯುತ್ತ ಕೇಳುತ್ತಿದ್ದ ಮೊದಲ ಪ್ರಶ್ನೆ, “ಯಾವ ಸ್ಕೂಲ್ ಸಿಕ್ತು ಪುಟ್ಟ?” ನಾನು ಹೇಳಿದ ಹೆಸರು ಕೇಳಿ ಒಬ್ಬ ಆಂಟಿ ಒಂದು ಕ್ಷಣ ತಡೆದು, “ಅಲ್ಲಿ ಕ್ಯಾಂಟೀನ್ ಚೆನ್ನಾಗಿದೆಯಂತೆ” ಎಂದರು. ಪಾಪ, ಒಳ್ಳೆಯ ಹೆಂಗಸು. ಏನಾದರೂ ಒಳ್ಳೆಯದು ಹೇಳಬೇಕೆಂದು ಹುಡುಕಿ ಹೇಳಿದರು. ಕ್ಯಾಂಟೀನ್ ನಿಜಕ್ಕೂ ಚೆನ್ನಾಗಿತ್ತು.

ಪುಸ್ತಕದಲ್ಲಿ ಮಂದವಾಗಿದ್ದ ನನ್ನ ತಲೆ ಸದ್ದಿನ ವಿಷಯದಲ್ಲಿ ಮಾತ್ರ ಚುರುಕು. ಎಮ್‌ಆರ್‌ಟಿ ರೈಲಿನ ಬಾಗಿಲು ಮುಚ್ಚುವಾಗಿನ ಬೀಪಿಗೆ ಮನಸ್ಸಿನಲ್ಲೇ ಒಂದು ಸಾಲು ಸೇರಿಸುತ್ತಿದ್ದೆ. ಸೊಳ್ಳೆಗೆ ಹೊಗೆ ಹಾಕುವವನ ಮಷೀನಿನ ಮೊರೆತ, ಅಪ್ಪ ರಜೆಯ ದಿನವೂ ಬಿಡದೆ ರುಬ್ಬುವ ಗ್ರೈಂಡರಿನ ಗುರುಗುರು, ಅದರೊಳಗೆ ಕಲ್ಲು ಒಂದು ಕಡೆ ಮಾತ್ರ ತಟ್ಟುವ ಟಕ್. ಲಿಮ್ ಅಂಕಲ್ ಕೊಟ್ಟ ಕ್ಯಾಸೆಟ್ಟು ಮೊದಲ ಸಲ ಹಾಕಿದಾಗ ಕೇಳಿದ್ದು ಅದೇ. ಗುರುಗುರು, ಟಕ್. ಇವರು ಅವರ ಊರಿನ ಮಗ್ಗದ ಸದ್ದನ್ನು ತಾಳ ಮಾಡಿಕೊಂಡಿದ್ದರು. ಹೀಗೂ ಮಾಡಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಕಾಲದ ಪಂಡಿತರು ಇವರನ್ನು ಚೆನ್ನಾಗಿ ಬೈದಿದ್ದಾರೆ. ಇದು ಸಂಗೀತವೇ ಅಲ್ಲ, ಯಂತ್ರ ರಿಪೇರಿ, ಮುಂದಿನ ಕ್ರಿಸ್‌ಮಸ್‌ಗೆ ಯಾರಿಗೂ ನೆನಪಿರುವುದಿಲ್ಲ ಎಂದೆಲ್ಲ. ಬ್ಯಾಂಡಿನ ಸಿಂಥಸೈಸರಿಗೋ, ಬಿಸಿಯಾದಂತೆ ಸ್ವರ ಜಾರುವ ಕಾಯಿಲೆ. ಹಾಡು ಶುರುವಾದ ಶ್ರುತಿಯಲ್ಲಿ ಮುಗಿಯುತ್ತಿರಲಿಲ್ಲ. ಟೈಪಿಸ್ಟ್ ಹುಡುಗಿ ಯಂತ್ರ ಜಾರಿದ ಕಡೆಗೆ ತಾನೂ ಸ್ವಲ್ಪ ಜಾರಿ ಹಾಡುತ್ತಿದ್ದಳು. ಮೊದಲ ರೆಕಾರ್ಡಿನಲ್ಲಿ ಅದನ್ನು ಹಾಗೇ ಬಿಟ್ಟರು. ಆಮೇಲೆ ಹೆಸರು ಬಂತು, ಟಿವಿ ಬಂತು, ತಲೆಗೂದಲು ಆಕಾಶಕ್ಕೆ ಎದ್ದು ನಿಂತಿತು. ಆಮೇಲೆ ಜಗಳ, ವಕೀಲರು. ಟಿವಿ ರಿಪೇರಿಯವನು ಬಿಟ್ಟುಹೋದ. ಜನಕ್ಕೆ ಮತ್ತೆ ಗಿಟಾರು ಬೇಕಾಯಿತು. ಬ್ರೆಡ್ ವ್ಯಾನಿನವನು ಊರಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದನಂತೆ. ಬಹಳ ವರ್ಷಗಳಾದ ಮೇಲೆ ಲ್ಯಾಪ್‌ಟಾಪಿನಲ್ಲಿ ಹಾಡು ಕಟ್ಟುವ ಹುಡುಗರು ಇವರ ತಾಳವನ್ನು ಎರವಲು ಪಡೆಯತೊಡಗಿದಾಗ, ಉಳಿದ ಇಬ್ಬರು ಮತ್ತೆ ಜೊತೆಗೂಡಿ ದೇಶ ದೇಶ ತಿರುಗಿದರು. ಸಿಂಗಪುರಕ್ಕೂ ಬಂದರು.

ಎಮ್‌ಆರ್‌ಟಿಯಲ್ಲಿ ಪ್ರತಿಯೊಬ್ಬರ ಕಿವಿಯಿಂದಲೂ ಬಿಳಿ ವೈರು ಇಳಿಬಿದ್ದಿರುತ್ತಿದ್ದ ಕಾಲ ಅದು, ಹೋದ ದಶಕದ ನಡುವಿನ ವರ್ಷಗಳು. ಲಿಮ್ ಅಂಕಲ್ಲಿಗೆ ಮಂಡಿ ನೋವು, ಬರಲಾಗಲಿಲ್ಲ. ಅವರ ಟಿಕೆಟ್ಟಿನಲ್ಲಿ ಅಪ್ಪನನ್ನು ಕರೆದೊಯ್ದೆ. ಸುತ್ತಲೂ ಐವತ್ತು ದಾಟಿದ ಚೀನೀ ಅಂಕಲ್ ಆಂಟಿಯರು, ಬಿಗಿಯಾದ ಹಳೆಯ ಟೀ ಶರ್ಟು ತೊಟ್ಟು, ಮೊದಲ ಗುರುಗುರು ಕೇಳುತ್ತಿದ್ದಂತೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಟೈಪಿಸ್ಟಿಗೆ ಈಗ ಬೆಳ್ಳಿ ಕೂದಲು, ಓದುವ ಕನ್ನಡಕ. ಬೆರಳು ಮಾತ್ರ ಅದೇ ಒಂದು.

ಅಪ್ಪ ಬಹಳ ಹೊತ್ತು ಗಮನವಿಟ್ಟು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, “ಆ ಯಮ್ಮ ಒಂದೇ ಬೆರಳಲ್ಲಿ ಬಾರಿಸ್ತದೆ, ಇಷ್ಟು ಜನ ಟಿಕೆಟ್ ತಗೊಂಡು ಬಂದವ್ರೆ. ನಾನು ಒಂದೇ ಕೈಯಲ್ಲಿ ಕಲ್ಲು ತುಂಬಾ ದೋಸೆ ಹುಯ್ತೀನಿ. ನೋಡೋರಿರ್ಲಿ, ಚಟ್ನಿ ಸಾಲ್ದು ಅಂತ ಬಯ್ತಾರೆ” ಎಂದರು.

“ಇಷ್ಟ ಆಗ್ಲಿಲ್ವಾ ಅಪ್ಪ?”

“ಆಯ್ತು. ಭಯ ಪಡ್ಕೊಂಡು ಬಾರಿಸ್ತದೆ. ಅಂಥೋರ ಕೈ ತಪ್ಪಲ್ಲ.”

ಇಷ್ಟರಲ್ಲಿ ನನ್ನ ಓದಿನ ಸ್ಥಿತಿ ಹೇಳಿಬಿಡುತ್ತೇನೆ. ನಿಧಾನದ ಹಳಿಯಿಂದ ತಾಂತ್ರಿಕ ಶಾಲೆ, ಅಲ್ಲಿಂದ ಪಾಲಿಟೆಕ್ನಿಕ್, ಅಲ್ಲಿಂದ ಕೆಲಸ. ಹಗಲು ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಕಂಪನಿಯಲ್ಲಿ ಕೇಬಲ್ ಸುತ್ತುವುದು, ಸಂಜೆ ಕ್ಲಾಸು. ನಡುವೆ ಅಪ್ಪನ ಬೆನ್ನಿನ ಆಪರೇಷನ್ ಆಗಿ ಓದು ನಿಲ್ಲಿಸಿದ್ದೆ. ಪಾರ್ಟ್ ಟೈಮ್ ಓದಿಗೆ ಇಂತಿಷ್ಟು ವರ್ಷದೊಳಗೆ ಮುಗಿಸಬೇಕೆಂಬ ಗಡುವಿರುತ್ತದೆ. ನನ್ನದು ಆ ಗಡುವಿನ ಕೊನೆಯ ಸೆಮಿಸ್ಟರ್. ಬ್ಯಾಂಡಿನ ವೃತ್ತಿ ಮತ್ತು ಪರಂಪರೆಯ ಮೇಲೆ ಒಂದು ಬರಹ ಕೊಟ್ಟಾಗಿತ್ತು. ಅವರು ಸದ್ದು ಕಟ್ಟುತ್ತಿದ್ದ ಕ್ರಮವನ್ನು ಪರೀಕ್ಷಕರ ಮುಂದೆ ಹಳೆಯ ಯಂತ್ರದಲ್ಲೇ ಮಾಡಿ ತೋರಿಸುವುದು ಉಳಿದಿತ್ತು. ಅದರಲ್ಲಿ ಫೇಲಾದರೆ ಇನ್ನೊಂದು ಅವಕಾಶವಿಲ್ಲ. ಹಾಕಿದ ವರ್ಷಗಳೆಲ್ಲ ಹೋದಂತೆ, ರಂಗಮಾವನ ಕಥೆಗೆ ಇನ್ನೊಂದು ಪುರಾವೆ ಸೇರಿದಂತೆ. ಆ ಪರೀಕ್ಷೆ ಬಿದ್ದದ್ದು ದಸರೆಯ ವಾರ.

ಆಯುಧಪೂಜೆಯ ದಿನ ನಮ್ಮಮ್ಮನನ್ನು ನೋಡಬೇಕು. ಊರಿನಲ್ಲಾದರೆ ಬೂದುಗುಂಬಳಕಾಯಿ ಒಡೆಯಬಹುದು. ನಮ್ಮ ಕಾರಿಡಾರಿನಲ್ಲಿ ಒಡೆದರೆ ಪಕ್ಕದ ಮನೆಯವರು ಕಂಪ್ಲೇಂಟ್ ಕೊಡುತ್ತಾರೆ. ಹಾಗಾಗಿ ನಿಂಬೆಹಣ್ಣಿನಲ್ಲಿ ಮುಗಿಸಿ, ಆ ಕೊರತೆಯನ್ನು ಅರಿಶಿನ ಕುಂಕುಮದಲ್ಲಿ ತುಂಬಿಕೊಳ್ಳುತ್ತಾರೆ. ಅಪ್ಪನ ದೋಸೆ ಮಗುಚುವ ಕೈ, ಮಿಕ್ಸಿ, ಗ್ರೈಂಡರು, ಇಸ್ತ್ರಿಪೆಟ್ಟಿಗೆ, ನನ್ನ ಕೇಬಲ್ಲುಗಳ ಚೀಲ, ಎಲ್ಲ ಸಾಲಾಗಿ ಕುಳಿತಿದ್ದವು. ನಾನು ಕೆಲಸದಿಂದ ಬರುವಷ್ಟರಲ್ಲಿ ಸಿಂಥಸೈಸರೂ ಮಣೆಯ ಮೇಲೆ ಕುಳಿತಿತ್ತು. ಸೇವಂತಿಗೆ ಹಾರ ಹಾಕಿಸಿಕೊಂಡು, ಮದುವೆಮನೆಯ ಬೀಗರಂತೆ.

ಲ್ಯಾಪ್‌ಟಾಪಿಗೆ ಮುಚ್ಚಳದ ಮೇಲೆ ಒಂದು ಬೊಟ್ಟಿಟ್ಟರೆ ಮುಗಿಯಿತು. ಸಿಂಥಸೈಸರಿನ ಎದೆಯ ಮೇಲೆ ಮಾತ್ರ ಉದ್ದುದ್ದ ಸೀಳುಗಳಿವೆ, ಪ್ರತಿ ಸೀಳಿನಲ್ಲಿ ಮೇಲೆ ಕೆಳಗೆ ಜಾರುವ ಒಂದು ಸ್ಲೈಡರು. ಅಮ್ಮನಿಗೆ ಯಾರಲ್ಲೂ ಭೇದ ಮಾಡುವುದು ಆಗದು. ಒಂದೊಂದು ಸ್ಲೈಡರಿನ ಬುಡಕ್ಕೂ ಗಂಧ, ಅದರ ಮೇಲೆ ಕುಂಕುಮ. ಮೇಲಿಂದ ಅಕ್ಷತೆ.

ಒರೆಸಿಬಿಡೋಣವೆಂದು ಕೈ ಚಾಚಿದೆ.

“ಮುಟ್ಬೇಡ” ಎಂದರು ಅಮ್ಮ. “ಪೂಜೆಗೆ ಇಟ್ಟಿದ್ದು. ನಾಳೆ ತಗೊಳ್ಳೋದು. ಇವತ್ತು ಅದಕ್ಕೆ ರಜಾ.”

ಅಪ್ಪನೂ ಅಂದು ದೋಸೆ ಹುಯ್ಯುವುದಿಲ್ಲ. ಈ ನಿಯಮಕ್ಕೆ ನಮ್ಮಲ್ಲಿ ವಿನಾಯಿತಿಯಿಲ್ಲ. ನಾನೂ ಮಂಗಳಾರತಿ ತೆಗೆದುಕೊಂಡು ಕೈಮುಗಿದೆ. ನಿಜ ಹೇಳುತ್ತೇನೆ, ಆಗ ನಾನು ಯಂತ್ರಕ್ಕೇ ಕೈಮುಗಿದದ್ದು.

ವಿಜಯದಶಮಿಯ ಬೆಳಿಗ್ಗೆ ಪ್ಲಗ್ ಹಾಕಿದೆ. ಸ್ವರ ಬಂತು. ಸದ್ದಿನ ಬಾಯಿ ತೆರೆಯುವ ಮುಖ್ಯ ಸ್ಲೈಡರನ್ನು ಮೇಲಕ್ಕೆ ಸರಿಸಿದರೆ ಕರಕರ, ಚಟ್, ಕರಕರ. ಗಂಧ ಒಣಗಿ ಒಳಗೆ ಕಚ್ಚಿಕೊಂಡಿತ್ತು. ಲಿಮ್ ಅಂಕಲ್ಲಿಗೆ ಫೋನ್ ಮಾಡಿದೆ. ಮಂಡಿ ನೋವನ್ನೂ ಮರೆತು ಪಾಸಿರ್ ರಿಸ್‌ನಿಂದ ಸ್ಕ್ರೂಡ್ರೈವರ್ ಸಮೇತ ಬಂದರು. ತಳ ಬಿಚ್ಚಿ ಅಲುಗಾಡಿಸಿದರೆ ನೆಲದ ಮೇಲೆ ಅರಿಶಿನದ ಅಕ್ಕಿಕಾಳು ಉದುರಿದವು.

“ಐಯೋ, ಇಷ್ಟು ವರ್ಷ ನನ್ನ ಹತ್ರ ಇತ್ತು, ಒಂದು ದಿನ ಊಟ ಕೊಟ್ಟಿರಲಿಲ್ಲ ನಾನು” ಎಂದರು ಅಂಕಲ್, ಯಂತ್ರವನ್ನೇ ನೋಡುತ್ತ.

ಅಕ್ಕಿ ಹೋಯಿತು, ಕರಕರ ಹೋಗಲಿಲ್ಲ. ಆ ಭಾಗವೇ ಹೊಸದು ಹಾಕಬೇಕು, ಅಷ್ಟು ಹಳೆಯ ಯಂತ್ರಕ್ಕೆ ಅದು ಅಂಗಡಿಯಲ್ಲಿ ಸಿಗುವುದಿಲ್ಲ ಎಂದರು. ಹಬ್ಬದ ಊಟಕ್ಕೆಂದು ಬಂದ ರಂಗಮಾವ ವಿಷಯ ಕೇಳಿ, “ನಾನು ಹೇಳ್ಲಿಲ್ವಾ?” ಎನ್ನಲು ಬಾಯಿ ತೆರೆದವರು ಅಮ್ಮನ ಮುಖ ನೋಡಿ ಪಾಯಸಕ್ಕೆ ಬಾಯಿ ತಿರುಗಿಸಿದರು.

ಅಮ್ಮ ಅಂದು ಊಟಕ್ಕೆ ಕೂರಲಿಲ್ಲ. ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು.

“ನನಗೆ ಓದಿನ ವಿಷಯ ಗೊತ್ತಾಗಲ್ಲ. ನೀನು ಏನು ಕೂತು ಓದ್ತಿದ್ದೆ ಅಂತ ಒಂದಿನಾನೂ ಕೇಳಿದೋಳಲ್ಲ. ಕೇಳಿದ್ರೆ ತಾನೆ ಏನು ತಿಳಿಯುತ್ತೆ? ನನ್ನ ಕೈಲಾಗೋದು ಇದೊಂದೇ ಅಂತ ಮಾಡ್ದೆ. ಅದೇ ಅಡ್ಡ ಬಂತಲ್ಲ ಲತಾ.”

ನಾನು ಅವರ ಕೈಯಿಂದ ಪಾತ್ರೆ ಕಸಿದುಕೊಂಡು ಒರೆಸಿಟ್ಟು, ಒಂದು ತಟ್ಟೆಗೆ ಅನ್ನ ಹಾಕಿ, ಅವರ ಎದುರು ಕುಳಿತೆ. ಇಬ್ಬರೂ ಉಳಿದಿದ್ದ ಕೋಸಂಬರಿ ತಿಂದೆವು.

ಕಾಲೇಜಿನ ಸ್ಟುಡಿಯೋದಲ್ಲಿ ಹೊಸ ಸಿಂಥಸೈಸರ್ ಇತ್ತು. ಕೇಳಿದರೆ ಕೊಡುತ್ತಿದ್ದರೇನೋ. ನನ್ನ ಬರಹದ ತುಂಬ ಆ ಬ್ಯಾಂಡು ಜಾರುವ ಶ್ರುತಿಯನ್ನು ಹಾಗೇ ಬಿಟ್ಟಿತೆಂದು ಕೊಂಡಾಡಿ, ಈಗ ನುಣುಪಾದ ಯಂತ್ರದ ಮುಂದೆ ನಿಂತರೆ ನನಗೇ ನಾಚಿಕೆಯಾಗುತ್ತಿತ್ತು. ಜೊತೆಗೆ, ಬೇರೆ ಯಂತ್ರ ತೆಗೆದುಕೊಂಡೆನೆಂದು ಗೊತ್ತಾದರೆ ಅಮ್ಮ ಮುಂದಿನ ವರ್ಷ ಯಾವುದಕ್ಕೂ ಬೊಟ್ಟಿಡಲಿಕ್ಕಿಲ್ಲ. ಪರೀಕ್ಷೆಯ ದಿನ ನನ್ನ ಕರಿ ಪೆಟ್ಟಿಗೆಯನ್ನೇ ಹೊತ್ತುಕೊಂಡು ಬಸ್ಸು ಹತ್ತಿದೆ.

ಪರೀಕ್ಷಕರು ಇಬ್ಬರು. ನಮ್ಮ ಮೇಡಂ, ಚೀನೀ ಹೆಂಗಸು, ಮಾತು ಕಡಿಮೆ. ಇನ್ನೊಬ್ಬರು ಹೊರಗಿನಿಂದ ಬಂದ ಸರ್, ಮಾತು ಅದಕ್ಕಿಂತ ಕಡಿಮೆ. ನಾನು ಅಪ್ಪನ ಗ್ರೈಂಡರಿನ ಸದ್ದನ್ನು ತಾಳವಾಗಿ ಹರಿಯಬಿಟ್ಟು, ಒಂದು ಬೆರಳಲ್ಲಿ ಸ್ವರ ಹಿಡಿದು, ಸ್ಲೈಡರನ್ನು ಮೆಲ್ಲಗೆ ಸರಿಸಿದೆ. ಕರಕರ ಬಂತು. ಕೈ ತೆಗೆಯಲಿಲ್ಲ. ಗ್ರೈಂಡರಿನ ಟಕ್ ಬೀಳುವ ಹೊತ್ತಿಗೆ ಸರಿಯಾಗಿ ಸರಿಸುತ್ತ ಹೋದೆ. ಕರಕರ ತಾಳದೊಳಗೆ ಹೋಗಿ ಕುಳಿತಿತು, ಪೂರ್ತಿಯಾಗಿ ಅಲ್ಲ, ಬಹುಮಟ್ಟಿಗೆ.

“ಆ ಒರಟು ಸದ್ದು ಯಾವುದು? ಮಗ್ಗದ್ದಾ?” ಎಂದು ಸರ್ ಕೇಳಿದರು.

“ಅಲ್ಲ ಸರ್. ಕುಂಕುಮದ್ದು.”

ಹೇಳಬೇಕಾಯಿತು, ಎಲ್ಲವನ್ನೂ. ಮಣೆ, ಹಾರ, ಅಕ್ಷತೆ, ಆ ದಿನದ ರಜೆ. ಸರ್ ಬರೆಯುವುದನ್ನು ನಿಲ್ಲಿಸಿದರು. ಮೇಡಂ, “ನಮ್ಮಪ್ಪ ಹೊಸ ವರ್ಷಕ್ಕೆ ಟ್ಯಾಕ್ಸಿಯ ಮೀಟರಿನ ಮೇಲೆ ಕಿತ್ತಳೆ ಇಡ್ತಿದ್ರು. ಉರುಳಿ ಬ್ರೇಕಿನ ಕೆಳಗೆ ಹೋಗ್ತಿತ್ತು” ಎಂದರು. ವರ್ಷಗಟ್ಟಲೆ ಅವರ ಕ್ಲಾಸಿನಲ್ಲಿ ಕುಳಿತಿದ್ದೆ. ಅವರಿಗೊಬ್ಬ ಅಪ್ಪನಿದ್ದರೆಂದು ನನಗೆ ಅಂದೇ ಹೊಳೆದದ್ದು.

ಸರ್ ಮಾತ್ರ ಬಿಡಲಿಲ್ಲ. “ನಿನ್ನ ವಯಸ್ಸಿನವರು ಯಾರೂ ಕೇಳದ ಬ್ಯಾಂಡು ಇದು. ಇವರ ಪರಂಪರೆ ಎಂದು ಒಂದು ಅಧ್ಯಾಯ ಬರೆದಿದ್ದೀಯ. ಅದು ಎಲ್ಲಿದೆ, ತೋರಿಸು.”

ಅದಕ್ಕೊಂದು ಉತ್ತರ ಬಾಯಿಪಾಠ ಮಾಡಿದ್ದೆ. ಯಾರು ಯಾರು ಇವರ ತಾಳ ಎರವಲು ಪಡೆದರು ಎಂಬ ವಂಶವೃಕ್ಷ. ಒಂದು ಹೆಸರೂ ನಾಲಗೆಗೆ ಬರಲಿಲ್ಲ. ಮನಸ್ಸಿಗೆ ಬಂದದ್ದನ್ನೇ ಹೇಳಿದೆ.

“ಸರ್, ನಾನು ಸಂಗೀತ ಕಲಿತವಳಲ್ಲ. ಇವರ ಕ್ಯಾಸೆಟ್ ಕೇಳಿದ ಮೇಲೆ ಆ ವಿಷಯ ನನಗೆ ಮರೆತುಹೋಯಿತು. ಹಾಗೆ ಮರೆತವರು ಬೇರೆ ಬೇರೆ ಊರುಗಳಲ್ಲಿ ಇನ್ನೂ ಇರಬೇಕು. ಅವರಲ್ಲಿ ಹೆಚ್ಚಿನವರು ಬ್ಯಾಂಡು ಕಟ್ಟಿರುವುದಿಲ್ಲ, ಪುಸ್ತಕದಲ್ಲಿ ಸಿಗುವುದಿಲ್ಲ. ನಾನು ತೋರಿಸಬಹುದಾದದ್ದು ನನ್ನೊಬ್ಬಳನ್ನು.”

ಇಷ್ಟು ಹೇಳಿ ಪೆಟ್ಟಿಗೆ ಮುಚ್ಚಿದೆ. ಬಸ್ಸಿನಲ್ಲಿ ಬರುವಾಗ ವಂಶವೃಕ್ಷದ ಹೆಸರುಗಳೆಲ್ಲ ಒಂದೊಂದಾಗಿ, ಸ್ಟಾಪಿಗೊಂದರಂತೆ ನೆನಪಾದವು.

ಪಾಸಾದೆ. ಮೊದಲ ದರ್ಜೆಯಲ್ಲ, ಪಾಸು. ಕರಕರಕ್ಕೆ ಅಂಕ ಕೊಟ್ಟರೋ ಕಳೆದರೋ ಗೊತ್ತಿಲ್ಲ. ರಂಗಮಾವನಿಗೆ ಅಂಗಡಿಗೇ ಫೋನ್ ಮಾಡಿದೆ. “ಜ್ವರ ಗಿರ ಏನೂ ಬರ್ಲಿಲ್ವಲ್ಲ?” ಎಂದರು. ಮೂಗು ಸೇದಿದ ಸದ್ದು ಬಂತು. ಅದಕ್ಕೆ ಒಣಮೆಣಸಿನಕಾಯಿ ಘಾಟು ಕಾರಣವೆಂದರು.

ಪದವಿ ಪ್ರದಾನದ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಮ್ಮ ರೇಷ್ಮೆ ಸೀರೆ. ನಾನು ಕರಿಗೌನು ತೊಟ್ಟು ವೇದಿಕೆ ದಾಟಿದ್ದು ಎಷ್ಟು ಬೇಗ ಮುಗಿಯಿತೆಂದರೆ, ಅಮ್ಮ ಚಪ್ಪಾಳೆ ಶುರು ಮಾಡುವಷ್ಟರಲ್ಲಿ ಮುಂದಿನ ಹುಡುಗನ ಸರದಿ ಬಂದಿತ್ತಂತೆ. ಆ ಚಪ್ಪಾಳೆ ಅವನಿಗೆ ಹೋಯಿತು, ಹೋಗಲಿ.

ಹೊರಗೆ ಮರದ ಕೆಳಗೆ ಇಬ್ಬರೂ ಕಾಯುತ್ತಿದ್ದರು. ಸರ್ಟಿಫಿಕೇಟನ್ನು ಹೊರತೆಗೆದು ಅಪ್ಪನ ಕೈಗೆ ಕೊಟ್ಟೆ. ಅವರು ಕೈ ಎರಡನ್ನೂ ಪ್ಯಾಂಟಿಗೆ ಒರೆಸಿಕೊಂಡು, ಅಂಚಿನಲ್ಲಷ್ಟೇ ಹಿಡಿದರು. ಅವರಿಗೆ ಇಂಗ್ಲಿಷ್ ಅಕ್ಷರಗಳು ಬಿಡಿಬಿಡಿಯಾಗಿ ಗೊತ್ತು. ಬೆರಳಿಟ್ಟು ಒಂದೊಂದೇ ಓದುತ್ತ ಬಂದರು. ಮೇಲಿನ ದೊಡ್ಡ ಸಾಲು ದಾಟಿ ನನ್ನ ಹೆಸರಿಗೆ ಬಂದರು. ಲತಾ. ಅದರ ಪಕ್ಕದ್ದನ್ನು ಓದಲು ಹೊರಟು ನಿಂತರು. ಮತ್ತೆ ಮೊದಲಿನಿಂದ ಕೂಡಿಸಿದರು.

“ಇದು ಶಿವಣ್ಣ ಅಂತಲ್ವಾ?”

“ಹೌದಪ್ಪ. ಲತಾ ಶಿವಣ್ಣ. ಪಾಸ್‌ಪೋರ್ಟಲ್ಲೂ ಹಾಗೇ ಇರೋದು.”

ಅಪ್ಪ ಅದನ್ನು ಬಿಸಿಲಿಗೆ ಸ್ವಲ್ಪ ಓರೆ ಮಾಡಿ ಹಿಡಿದು ಮತ್ತೊಮ್ಮೆ ನೋಡಿದರು. ಆಮೇಲೆ ಅಮ್ಮನ ಕಡೆ ತಿರುಗಿ, ಮೆಲ್ಲಗೆ, ಸುತ್ತಲಿನವರಿಗೆ ಕೇಳಬಾರದೆಂಬಂತೆ ಹೇಳಿದರು:

“ನೋಡೇ ಇಲ್ಲಿ. ನಾನೂ ಪಾಸಾಗಿದ್ದೀನಿ.”